ಬಿಳಿಪಟ್ಟೆಯ ಅಂಚಿನಲ್ಲಿ

ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಕ್ಯಾರಿಗೆ ಬಂದಿದ್ದ ನನ್ನ ತಂದೆಯವರಿಗೆ ಸಂಜೆಯ ವಾಯುವಿಹಾರ ತಪ್ಪಿಸಲಾಗದ ನೇಮ. ಮೊದಲ ದಿನವೇ ಮನೆಯ ಸಮೀಪದ ಬಿಳಿಪಟ್ಟೆಯ ಅಂಚಿನಲ್ಲಿ ನಾವಿಬ್ಬರೂ ನಿಂತಿದ್ದಾಗ ಕಾರೊಂದು ನಮಗಾಗಿ ನಿಂತಿತು. ತಂದೆಯವರು ಸಂಕೋಚದಿಂದ ‘ನೀವೇ ಹೊರಡಿ’ ಎಂಬಂತೆ ಕೈಬೀಸಿದರು, ಚಾಲಕಿಯೂ ಕೈಬೀಸಿದರು. ಈ ಉಪಚಾರ ಮುಗಿಯುವ ಮೊದಲೇ ಪಕ್ಕದ ಸಾಲಿನಲ್ಲಿ ಇನ್ನೊಂದು ಕಾರು ರಭಸದಿಂದ ಹಾದುಹೋಯಿತು. ಆ ಸಂಕೋಚವೇ ಅಂದು ನಮ್ಮನ್ನು ಉಳಿಸಿತು.

ಇಷ್ಟು ವರ್ಷ ಇಲ್ಲಿ ಕಾರು ನಡೆಸಿದ್ದರೂ ನಾರ್ತ್ ಕ್ಯಾರೊಲಿನಾದ ಸಂಚಾರ ಕಾನೂನನ್ನು ನಾನು ಗಮನವಿಟ್ಟು ಓದಿದ್ದು ಅಂದು ರಾತ್ರಿಯೇ. ಸಂಚಾರ ದೀಪವಿಲ್ಲದ ಕಡೆ ಪಟ್ಟೆಯ ಮೇಲೆ ದಾಟುವವರಿಗೆ ಚಾಲಕರು ದಾರಿ ಬಿಡಬೇಕು, ಅಗತ್ಯವಿದ್ದರೆ ನಿಲ್ಲಬೇಕು. ರಸ್ತೆಗಳು ಕೂಡುವಲ್ಲಿ ಪಟ್ಟೆ ಬಳಿಯದಿದ್ದರೂ ಇದೇ ನಿಯಮ. ಪಾದಚಾರಿಗಾಗಿ ನಿಂತ ವಾಹನವನ್ನು ಹಿಂದಿನಿಂದ ಬಂದವರು ದಾಟಿ ಮುಂದೆ ಹೋಗಕೂಡದು. ಆ ಎರಡನೆಯ ಕಾರು ಮುರಿದದ್ದು ಇದನ್ನೇ.

ಕರ್ತವ್ಯ ಚಾಲಕರಿಗೆ ಮಾತ್ರವಲ್ಲ. ಇತರೆಡೆ ನಡುರಸ್ತೆಯಲ್ಲಿ ದಾಟುವವರು ತಾವೇ ವಾಹನಗಳಿಗೆ ದಾರಿ ಬಿಡಬೇಕು. ದೀಪಗಳಿರುವ ಎರಡು ಅಕ್ಕಪಕ್ಕದ ಕೂಡುರಸ್ತೆಗಳ ನಡುವೆ ಪಟ್ಟೆಯಿಲ್ಲದೆಡೆ ದಾಟುವಂತೆಯೇ ಇಲ್ಲ.

ಇದಕ್ಕೊಂದು ಕಠೋರವಾದ ಮುಖವೂ ಉಂಟು. ಅಪಘಾತವಾದಾಗ ಪಾದಚಾರಿಯ ತಪ್ಪು ಅಲ್ಪವೇ ಆಗಿದ್ದರೂ ಈ ರಾಜ್ಯದಲ್ಲಿ ಸಾಮಾನ್ಯವಾಗಿ ಪರಿಹಾರದ ಹಕ್ಕು ಪೂರ್ತಿಯಾಗಿ ಕಳೆದುಹೋಗುತ್ತದೆ. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿಯೂ ಇದೇ ತತ್ತ್ವ. ವಾಷಿಂಗ್ಟನ್ ನಗರ 2016ರ ಕಾನೂನಿನಿಂದ ಪಾದಚಾರಿಗಳ ಮಟ್ಟಿಗೆ ಇದನ್ನು ಸಡಿಲಿಸಿತು. ಜಾರ್ಜಿಯಾದಲ್ಲಿ ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ; ಪಾಲು ಅರ್ಧ ಮುಟ್ಟಿದರೆ ಏನೂ ದಕ್ಕದು. ಊರಿನಿಂದ ಬಂದ ಹಿರಿಯರ ಒಂದು ತಪ್ಪು ಹೆಜ್ಜೆಗೆ ಎಷ್ಟು ಬೆಲೆ ತೆರಬೇಕಾದೀತೆಂದು ನಾನು ಬೆಚ್ಚಿದೆ.

ಮರುಸಂಜೆ ಇಬ್ಬರೂ ಮತ್ತೆ ಹೊರಟೆವು. ಊರಿನ ರೂಢಿಯಂತೆ ಮೊದಲು ಬಲಕ್ಕಲ್ಲ, ಇಲ್ಲಿ ಮೊದಲು ಎಡಕ್ಕೆ ನೋಡಬೇಕೆಂದೆ. ಕಿತ್ತಳೆ ಬಣ್ಣದ ಕೈ ಮಿನುಗತೊಡಗಿದ ಮೇಲೆ ಹೊಸದಾಗಿ ಹೆಜ್ಜೆಯಿಡಬಾರದು. ಕೆಂಪು ದೀಪವಿದ್ದರೂ ಕಾರುಗಳು ನಿಂತು ಬಲಕ್ಕೆ ತಿರುಗಬಹುದು. ಒಂದು ಕಾರು ನಿಂತಿತೆಂದು ಪಕ್ಕದ ಸಾಲನ್ನು ಮರೆಯಬಾರದು ಎಂದೂ ತೋರಿಸಿಕೊಟ್ಟೆ. “ಎಪ್ಪತ್ತೆರಡು ದಾಟಿದ ಮೇಲೆ ರಸ್ತೆ ದಾಟುವುದನ್ನು ಮಗನಿಂದ ಕಲಿಯಬೇಕಾಯಿತಲ್ಲಪ್ಪ” ಎಂದು ನಕ್ಕರು. ಬಾಲ್ಯದಲ್ಲಿ ನನ್ನ ಕೈಹಿಡಿದು ದಾಟಿಸಿದವರು ಅವರೇ.

ಮಾನ್ಯ ಪ್ರತಿನಿಧಿಗಳೇ, ಹಿರಿಯರನ್ನು ಕರೆಸಿಕೊಂಡಾಗ ನಯಾಗರಾ ತೋರಿಸುವ ಮೊದಲು ಒಂದು ಸಂಜೆ ಅವರ ಕೈಹಿಡಿದು ಮನೆಯೆದುರಿನ ರಸ್ತೆಯನ್ನು ದಾಟಿಸಿರಿ. ನಾವೇ ಚಾಲಕರಾಗಿರುವಾಗ, ಪಟ್ಟೆಯ ಅಂಚಿನಲ್ಲಿ ಹಿಂಜರಿದು ನಿಂತವರನ್ನು ನಮ್ಮ ತಂದೆತಾಯಿಯರೆಂದೇ ಬಗೆದು ನಿಲ್ಲೋಣ.