ದೋಣಿಯ ಮೋಟಾರು ಹೊರಡದಿದ್ದಲ್ಲಿ

ಗೊಳಸಂಗಿಯ ದಕ್ಷಿಣಕ್ಕೆ ಹರಿಯುವ ಕೃಷ್ಣೆಗೆ 2019ರ ಆಗಸ್ಟಿನಲ್ಲಿ ಮಹಾಪೂರ ಬಂದಿತ್ತು. ಅಂಥ ವೇಳೆ ದೋಣಿಯ ಹಿಂಬದಿಗೆ ಕಟ್ಟಿದ ಪೆಟ್ರೋಲ್ ಮೋಟಾರು ಹೊರಡದಿದ್ದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಗ್ರಾಮದ ಮುಖಂಡರು ಮಳೆಗಾಲಕ್ಕೆ ಮೊದಲೇ ಅದನ್ನು ಪರೀಕ್ಷಿಸತಕ್ಕದ್ದು. ಪರೀಕ್ಷೆಯು ನೀರಿನಲ್ಲಿಯೇ ನಡೆಯಬೇಕು. ನೀರಿಲ್ಲದೆ ಓಡಿಸಿದರೆ ಯಂತ್ರವು ಕಾದು ಕೆಡುವುದು.

ಮೋಟಾರು ಹೊರಡದಿದ್ದಲ್ಲಿ, ನಿಲುಗಡೆಯ ಗುಂಡಿಗೆ ಸಿಕ್ಕಿಸುವ ಹಗ್ಗದ ಕೊಂಡಿ ಸ್ಥಾನದಲ್ಲಿದೆಯೇ, ಟಾಕಿಯ ಮುಚ್ಚಳದ ಗಾಳಿಯ ತಿರುಪು ಸಡಿಲಾಗಿದೆಯೇ ಎಂದು ಮೊದಲು ನೋಡಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಬದಲಿಸಬೇಕು. ಬಳಿಕ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚತಕ್ಕದ್ದು. ಅದು ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲು ಮಿತಿಮೀರಿದೆ, ಇಲ್ಲವೆ ಕಿಡಿ ಹಾರುತ್ತಿಲ್ಲ.

ಹೊರಟರೂ ಬಲ ಸಾಲದಿದ್ದರೆ ಪೆಟ್ರೋಲಿನಲ್ಲಿ ನೀರು ಬೆರೆತಿದೆಯೇ, ಸೋಸುವ ಜಾಳಿಗೆ ಕಟ್ಟಿದೆಯೇ, ಪಂಖಕ್ಕೆ ಜೊಂಡು ಸುತ್ತಿದೆಯೇ ಎಂದು ನೋಡಬೇಕು. ಪಂಖವನ್ನು ಮುಟ್ಟುವ ಮುನ್ನ ಮೋಟಾರನ್ನು ನಿಲ್ಲಿಸಿ ಕೊಂಡಿಯನ್ನು ತೆಗೆದಿಡತಕ್ಕದ್ದು. ಇಷ್ಟು ನೋಡಿದ ಮೇಲೂ ದೋಷ ನೀಗದಿದ್ದರೆ ಮಾತ್ರ ಮಿಸ್ತ್ರಿಯನ್ನು ಕರೆಯಿಸುವುದು ಯುಕ್ತ.