‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಎಂಬ ವಿಯೋಗಗೀತ: ಅದರ ಹುಟ್ಟು ಮತ್ತು ವಕ್ತೃವಿಚಾರ

ಸ್ವೀಡನ್ ದೇಶದ ‘ಅಬ್ಬಾ’ ಎಂಬ ಗಾಯಕರ ಮೇಳವು 1980ನೆಯ ಇಸವಿ ಜುಲೈ ತಿಂಗಳಲ್ಲಿ ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಎಂಬ ಇಂಗ್ಲಿಷ್ ಹಾಡೊಂದನ್ನು ಪ್ರಕಟಿಸಿತು. ಗೆದ್ದವರಿಗೇ ಪಣವೆಲ್ಲವೂ ಸಲ್ಲುವುದೆಂಬ ಜೂಜುಕಟ್ಟೆಯ ಮಾತೇ ಅದರ ಶಿರೋನಾಮ. ಅಗಲಿದ ದಂಪತಿಗಳಲ್ಲಿ ಸೋತ ಹೆಣ್ಣು ತನ್ನನ್ನು ಬಿಟ್ಟವನೊಡನೆ ಕಡೆಯ ಸಲ ಮಾತನಾಡುವುದೇ ಅದರ ವಸ್ತು. ಮಾತುಗಳನ್ನು ರಚಿಸಿದವನು ಗಂಡಸು. ಹಾಡಿದವಳು ಅದೇ ವರ್ಷ ಅವನಿಂದ ವಿವಾಹವಿಚ್ಛೇದನ ಹೊಂದಿದ ಹೆಂಡತಿ. ಇಷ್ಟನ್ನು ತಿಳಿದ ಶ್ರೋತೃವಿನಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುವುದು: ಈ ಮಾತು ಯಾರದು? ಕವಿಯದೋ, ಗಾಯಕಿಯದೋ, ಇಲ್ಲವೆ ಅವರಿಬ್ಬರಿಗೂ ಹೊರತಾದ ಮೂರನೆಯವಳೊಬ್ಬಳದೋ? ಪಾಪ್ ಸಂಗೀತವೆಂದೊಡನೆ ವಿದ್ವಾಂಸರು ಮುಖ ತಿರುಗಿಸುವುದು ವಾಡಿಕೆ. ಆದರೂ ವಕ್ತೃವಿಚಾರದಲ್ಲಿ ಇಷ್ಟು ತೊಡಕಾದ ಉದಾಹರಣೆ ಸುಲಭವಾಗಿ ದೊರೆಯತಕ್ಕದ್ದಲ್ಲ.

ಮೊದಲು ಮೇಳದ ವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿಸಬೇಕು. ಕನ್ನಡದ ಕಿವಿಗೆ ಉದ್ಗಾರದಂತೆ ಕೇಳುವ ‘ಅಬ್ಬಾ’ ಎಂಬ ಹೆಸರು ಆಗ್ನೆಥಾ ಫೆಲ್ಟ್‌ಸ್ಕೋಗ್, ಬ್ಯೋರ್ನ್ ಉಲ್ವೆಯಸ್, ಬೆನ್ನಿ ಆಂಡರ್ಸನ್, ಆನಿ-ಫ್ರಿಡ್ ಲಿಂಗ್‌ಸ್ಟಾಡ್ ಎಂಬ ನಾಲ್ವರ ಹೆಸರುಗಳ ಮೊದಲಕ್ಷರಗಳಿಂದ ಆದದ್ದು. ಇವರು 1974ನೆಯ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ‘ವಾಟರ್‌ಲೂ’ ಎಂಬ ಹಾಡಿನಿಂದ ಗೆದ್ದರು. ಸ್ವೀಡನ್ನಿಗೆ ಆ ಸ್ಪರ್ಧೆಯಲ್ಲಿ ಬಂದ ಮೊದಲ ಗೆಲವು ಅದು. ಸ್ವದೇಶದಲ್ಲಿ ಇವರಿಗೆ ದೊರೆತ ಮರ್ಯಾದೆ ಮಾತ್ರ ನಿರ್ವಿವಾದವಾಗಿರಲಿಲ್ಲ. ಆ ಕಾಲದ ಎಡಪಂಥದ ಸಂಗೀತಗಾರರು ಇವರ ಹಾಡುಗಳನ್ನು ವ್ಯಾಪಾರದ ಸರಕೆಂದು ಜರೆದರು. 1975ರಲ್ಲಿ ಸ್ಪರ್ಧೆಯು ಸ್ಟಾಕ್‌ಹೋಮಿನಲ್ಲಿ ನಡೆದಾಗ ಅದಕ್ಕೆ ಪ್ರತಿಯಾಗಿ ಬೇರೊಂದು ಉತ್ಸವವನ್ನೇ ನಡೆಸಿದರು. ಹಾಡಿನಲ್ಲಿ ನಿಜವಾದ ಅನುಭವ ಇಲ್ಲವೆಂಬುದೇ ಅವರ ಮುಖ್ಯವಾದ ಆಕ್ಷೇಪ. ಐದು ವರ್ಷಗಳ ತರುವಾಯ ಬಂದ ಪ್ರಕೃತ ಹಾಡಿನಲ್ಲಿ ಅನುಭವ ಅತಿಯಾಗಿದೆಯೆಂದು ಲೋಕವೆಲ್ಲ ಮಾತನಾಡಿತೆಂಬುದು ವಿನೋದದ ಸಂಗತಿ.

ಮೇಳದಲ್ಲಿ ಎರಡು ದಂಪತಿಗಳಿದ್ದರು. ಉಲ್ವೆಯಸ್ ಮತ್ತು ಫೆಲ್ಟ್‌ಸ್ಕೋಗ್ 1971ರ ಜುಲೈ ತಿಂಗಳಲ್ಲಿ ಮದುವೆಯಾದವರು. ಅವರಿಗೆ ಇಬ್ಬರು ಮಕ್ಕಳು. ತಾವು ಬೇರೆಯಾಗುತ್ತಿರುವುದನ್ನು ಅವರು 1979ರ ಜನವರಿಯಲ್ಲಿ ಬಹಿರಂಗಪಡಿಸಿದರು. ವಿಚ್ಛೇದನವು 1980ರಲ್ಲಿ ಪೂರ್ಣವಾಯಿತು. ಸಂಸಾರ ಒಡೆದರೂ ಮೇಳ ಒಡೆಯಲಿಲ್ಲ. ಹಾಗಾಗಿ ಆ ಸ್ತ್ರೀ ತನ್ನನ್ನು ಅಗಲಿದ ಗಂಡ ಬರೆದ ಮಾತುಗಳನ್ನು ಅವನ ಎದುರಿನಲ್ಲೇ ನಿಂತು ಹಾಡುವ ಉದ್ಯೋಗದಲ್ಲಿ ಮುಂದುವರಿಯಬೇಕಾಯಿತು.

ಹಾಡಿನ ಧ್ವನಿಮುದ್ರಣವು 1980ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನ ‘ಪೋಲಾರ್’ ಎಂಬ ಅವರ ಸ್ವಂತ ಮುದ್ರಣಶಾಲೆಯಲ್ಲಿ ನಡೆಯಿತು. ಆಂಡರ್ಸನ್ ಮತ್ತು ಉಲ್ವೆಯಸ್ ಮೊದಲು ಸ್ವರವನ್ನು ಕಟ್ಟಿ, ಮಾತನ್ನು ಅನಂತರ ಕೂಡಿಸುವ ಪದ್ಧತಿಯವರು. ಮೊದಲನೆಯ ಯತ್ನದಲ್ಲಿ ವಾದ್ಯದ ನಡೆ ಬಿರುಸಾಗಿ ತೋರಿದ್ದರಿಂದ, ಮೇಲಿನಿಂದ ಕೆಳಕ್ಕೆ ಜಾರಿ ಬರುವ ಪಿಯಾನೋ ವಾದನದ ಒಂದು ಎಳೆಯನ್ನು ಆಂಡರ್ಸನ್ ಸೇರಿಸಿದನು; ಈಗ ಹಾಡಿನ ಜೀವವೆನಿಸಿರುವುದು ಅದೇ. ಆಗಿನ್ನೂ ಮಾತು ಹುಟ್ಟಿರಲಿಲ್ಲ. ಉಲ್ವೆಯಸ್ ಅರ್ಥವಿಲ್ಲದ ಫ್ರೆಂಚ್ ಶಬ್ದಗಳನ್ನು ಆ ಧಾಟಿಗೆ ಕೂಡಿಸಿ ಹಾಡುತ್ತಿದ್ದನು. ಅನಂತರ ಒಂದು ರಾತ್ರಿ ಮದ್ಯದ ಸೀಸೆಯನ್ನು ಮುಂದಿಟ್ಟುಕೊಂಡು, ಸುಮಾರು ಒಂದು ಗಂಟೆಯ ಹೊತ್ತಿನಲ್ಲಿ ಇಡೀ ಸಾಹಿತ್ಯವನ್ನು ಬರೆದು ಮುಗಿಸಿದನೆಂದು ಅವನೇ ಹೇಳಿರುವನು. ಧ್ವನಿಮುದ್ರಣದ ಕಾಲದಲ್ಲಿ ಹಾಡಿಗೆ ‘ನನ್ನ ಬಾಳಿನ ಕಥೆ’ ಎಂಬರ್ಥದ ತಾತ್ಕಾಲಿಕ ನಾಮವಿತ್ತು. ಇದನ್ನು ಹಿಡಿದು ಆತ್ಮಕಥನದ ವಾದವನ್ನು ಹೂಡುವವರುಂಟು. ಆದರೆ ಆ ಹೆಸರು ಮಾತುಗಳಿಗಿಂತ ಮುಂಚೆ ಇಟ್ಟದ್ದು. ಬುಟ್ಟಿಗೆ ಕಟ್ಟಿದ ಚೀಟಿಯಂತೆ ಗುರುತಿಗಾಗಿ ಇದ್ದದ್ದು. ಅದಕ್ಕೆ ಪ್ರಮಾಣದ ಬೆಲೆಯನ್ನು ಕಟ್ಟಲಾಗದು.

ಈಗ ಸಾಹಿತ್ಯವನ್ನು ನೋಡಬಹುದು. ಈ ಹಾಡಿಗೆ ‘ಬ್ಯಾಲಡ್’ ಎಂಬ ಹೆಸರು ರೂಢಿಯಲ್ಲಿದ್ದರೂ ಇದು ಲಾವಣಿಯಂತೆ ಕಥೆಯನ್ನು ಹೇಳತಕ್ಕದ್ದಲ್ಲ; ಪಾಪ್ ಸಂಗೀತದಲ್ಲಿ ಆ ಶಬ್ದಕ್ಕೆ ವಿಳಂಬಗತಿಯ ಭಾವಗೀತವೆಂಬಷ್ಟೇ ಅರ್ಥ. ಹಾಡಿನ ಆರಂಭದಲ್ಲಿ ನಾಯಿಕೆ ಹಿಂದಿನದನ್ನು ಆಡಲು ತನಗೆ ಮನಸ್ಸಿಲ್ಲವೆನ್ನುತ್ತಾಳೆ. ಎಂದವಳು ಹಾಡು ಮುಗಿಯುವವರೆಗೂ ಅದನ್ನೇ ಆಡುತ್ತಾಳೆ. ನಿಷೇಧದ ಮೂಲಕ ನುಡಿಯನ್ನು ತೆರೆಯುವ ಈ ಕ್ರಮ ಆಕ್ಷೇಪಾಲಂಕಾರವನ್ನು ಬಲ್ಲವರಿಗೆ ಹೊಸದಲ್ಲ. ಮುಂದೆ ಇಸ್ಪೀಟಿನ ಎಲೆಗಳು ಬರುತ್ತವೆ, ದೇವತೆಗಳು ನಿರ್ದಯವಾಗಿ ಉರುಳಿಸುವ ದಾಳಗಳು ಬರುತ್ತವೆ, ತೀರ್ಪುಗಾರರು ಬರುತ್ತಾರೆ, ನೋಡುತ್ತ ಸುಮ್ಮನಿರುವ ಪ್ರೇಕ್ಷಕರು ಬರುತ್ತಾರೆ. ಮೂರು ಬಗೆಯ ಆಟಗಳನ್ನು ಹೀಗೆ ಕಲಸುವುದು ರೂಪಕದ ನಿರ್ವಾಹದಲ್ಲಿ ದೋಷವೆಂದು ಕಟ್ಟುನಿಟ್ಟಿನ ವಿಮರ್ಶಕನು ಹೇಳಬಹುದು, ಹೇಳಿದರೆ ತಪ್ಪಿಲ್ಲ. ಆದರೆ ಈ ಆಟಗಳಲ್ಲೆಲ್ಲ ತೀರ್ಮಾನವು ಸೋತವಳ ಕೈಯಲ್ಲಿಲ್ಲವೆಂಬ ಒಂದೇ ಅರ್ಥ ಹೊರಡುತ್ತಿರುವುದರಿಂದ ದೋಷವು ಕಿವಿಗೆ ತಾಗದೆ ಹೋಗುತ್ತದೆ. ದ್ಯೂತಪ್ರಸಂಗವನ್ನು ಕುಮಾರವ್ಯಾಸನಲ್ಲಿ ಓದಿದವರಿಗೆ, ತಾನು ಆಡದ ಆಟದಲ್ಲಿ ತಾನೇ ಸೋತುಹೋದ ಇನ್ನೊಬ್ಬ ಸ್ತ್ರೀಯ ನೆನಪು ಬಂದರೆ ಆಶ್ಚರ್ಯವಿಲ್ಲ. ಆಕೆ ಸಭೆಯನ್ನು ಪ್ರಶ್ನಿಸಿದಳು. ಈಕೆಗೆ ಪ್ರಶ್ನಿಸಲು ಸಭೆಯೂ ಇಲ್ಲ.

ಈ ರೂಪಕಗಳ ನಡುವೆ ಒಂದೇ ಕಡೆ ತೆರೆ ಸರಿಯುತ್ತದೆ. ತನ್ನ ಸ್ಥಾನಕ್ಕೆ ಬಂದ ಹೆಣ್ಣಿನ ಮುತ್ತಿನ ವಿಷಯವನ್ನೂ ತನ್ನ ಹೆಸರನ್ನು ಅವಳು ಕರೆಯುವಾಗ ಅವನಿಗೆ ಆಗುವ ಭಾವವನ್ನೂ ನಾಯಿಕೆ ನೇರವಾಗಿ ಕೇಳಿಬಿಡುತ್ತಾಳೆ. ಕೇಳಿ ನಾಚಿದವಳಂತೆ ಮತ್ತೆ ಆಟದ ಭಾಷೆಗೇ ಹಿಂತಿರುಗುತ್ತಾಳೆ. ಕೊನೆಯ ಚರಣದಲ್ಲಿ ವಾದ್ಯಗಳ ಭಾರ ತಗ್ಗಿ ಕಂಠವೊಂದೇ ಮುಂದಕ್ಕೆ ಬರುತ್ತದೆ. ಕೈಕುಲುಕಿ ಹೋಗಲೆಂದು ಬಂದವನಿಗೆ ತನ್ನ ಅಳುಕಿನಿಂದ ಬೇಸರವಾಯಿತೇನೋ ಎಂದು ಆಕೆ ಕ್ಷಮೆಯನ್ನು ಬೇಡುತ್ತಾಳೆ. ನೊಂದವಳೇ ಕ್ಷಮೆ ಕೇಳುವ ಈ ಸ್ಥಳ ಇಡೀ ಗೀತದಲ್ಲಿ ಅತ್ಯಂತ ಮಾರ್ಮಿಕವಾದದ್ದು. ಶಬ್ದಗಳೆಲ್ಲ ಸಾಧಾರಣವಾದವು. ಕವಿಗೆ ಇಂಗ್ಲಿಷ್ ಮಾತೃಭಾಷೆಯಲ್ಲ. ಕಲಿತ ಭಾಷೆಯಲ್ಲಿ ಬರೆಯುವವನಿಗೆ ಒದಗುವ ಮಿತಿಯೇ ಇಲ್ಲಿ ಗುಣವಾಗಿ ಪರಿಣಮಿಸಿದೆ.

ಶಿರೋನಾಮವನ್ನು ಕನ್ನಡಕ್ಕೆ ತರಲು ಹೊರಟವರಿಗೆ ಒಂದು ತೊಡಕು ಎದುರಾಗುವುದು. ಇಂಗ್ಲಿಷಿನ ‘ವಿನ್ನರ್’ ಶಬ್ದಕ್ಕೆ ಲಿಂಗಭೇದವಿಲ್ಲ. ‘ಗೆದ್ದವನು’ ಎಂದರೆ ಬಿಟ್ಟುಹೋದ ಗಂಡನಾಗುತ್ತಾನೆ; ‘ಗೆದ್ದವಳು’ ಎಂದರೆ ಅವನನ್ನು ಪಡೆದ ಸವತಿಯಾಗುತ್ತಾಳೆ. ಮೂಲದಲ್ಲಿ ಎರಡೂ ಅರ್ಥ ಒಟ್ಟಿಗೆ ನಿಂತಿವೆ. ಇಸ್ಪೀಟಿನ ಆಟದಲ್ಲಿ ನಾಯಿಕೆಯ ಎದುರಾಳಿ ಯಾರೆಂಬುದು ಕೊನೆಯವರೆಗೂ ನಿಶ್ಚಯವಾಗುವುದಿಲ್ಲ. ‘ಗೆದ್ದವರು’ ಎಂದರೆ ಸಂದಿಗ್ಧತೆ ಉಳಿಯುವುದಾದರೂ ಬೇಡದ ಗೌರವವೊಂದು ಅಂಟಿಕೊಳ್ಳುವುದು.

ರಸದೃಷ್ಟಿಯಿಂದಲೂ ಈ ಗೀತ ಗಮನಾರ್ಹವಾದುದು. ವಿಪ್ರಲಂಭವು ಸಾಪೇಕ್ಷಭಾವವುಳ್ಳದ್ದು, ಕರುಣವು ನಿರಪೇಕ್ಷಭಾವವುಳ್ಳದ್ದು ಎಂದು ಭರತನು ಭೇದವನ್ನು ಹೇಳಿದ್ದಾನೆ. ಇಲ್ಲಿ ಪ್ರಿಯನು ಬದುಕಿ ಎದುರಿಗೇ ನಿಂತಿದ್ದಾನೆ. ಆದರೆ ಸಮಾಗಮದ ಆಸೆ ಸತ್ತಿದೆ. ವಿಚ್ಛೇದನವು ಕಾನೂನಿನಿಂದ ಆಗುವ ಸಮಾಜದಲ್ಲಿ ಹುಟ್ಟಿದ ಈ ದುಃಖವನ್ನು ಹಳೆಯ ಎರಡು ಮನೆಗಳಲ್ಲಿ ಯಾವುದರೊಳಗೂ ಪೂರ್ತಿಯಾಗಿ ಸೇರಿಸಲು ಬರುವುದಿಲ್ಲ.

ವಕ್ತೃವಿನ ಪ್ರಶ್ನೆಗೆ ಬಂದರೆ, ಇರುವ ಸಾಕ್ಷಿಗಳಿಬ್ಬರೂ ಒಂದೇ ಮಾತನ್ನು ಹೇಳುವುದಿಲ್ಲ. ವಿಚ್ಛೇದನದ ಅನುಭವ ತನ್ನ ಬೆನ್ನಿಗಿದ್ದದ್ದು ನಿಜ, ಆದರೆ ಗೀತದ ಸನ್ನಿವೇಶ ಕಲ್ಪಿತ, ತಮ್ಮಿಬ್ಬರಲ್ಲಿ ಗೆದ್ದವರೂ ಸೋತವರೂ ಇರಲಿಲ್ಲವೆಂಬುದು ಉಲ್ವೆಯಸನ ನಿಲುವು. ಅದು ತಮ್ಮನ್ನೇ ಕುರಿತು ಬರೆದದ್ದೆಂದೂ, ತನಗೆ ಅದರಿಂದ ಬೇಸರವಾಗಲಿಲ್ಲವೆಂದೂ, ಅದರಲ್ಲಿ ಭಾವವನ್ನು ತುಂಬಿ ಹಾಡಲು ಅವಕಾಶ ದೊರೆಯಿತೆಂದೂ ಫೆಲ್ಟ್‌ಸ್ಕೋಗ್ ಬಳಿಕ ತಿಳಿಸಿರುವಳು. ಪತ್ರಿಕೆಗಳು ಎರಡನೆಯದನ್ನೇ ಹಿಡಿದವು. ಅದಕ್ಕೆ ಚಲಚ್ಚಿತ್ರದ ತುಣುಕೂ ನೆರವಾಯಿತು: ಲಾಸ್ಸೆ ಹಾಲ್‌ಸ್ಟ್ರೋಮ್ ಎಂಬ ನಿರ್ದೇಶಕನು ಸ್ವೀಡನ್ನಿನ ಪಶ್ಚಿಮತೀರದ ಮಾರ್‌ಸ್ಟ್ರಾಂಡ್ ಎಂಬಲ್ಲಿ ಅದೇ ಜುಲೈಯಲ್ಲಿ ತೆಗೆದ ಆ ಚಿತ್ರದಲ್ಲಿ ಗಾಯಕಿ ಒಂಟಿಯಾಗಿ ಹಾಡುತ್ತಿರುವಾಗ ಉಳಿದ ಮೂವರು ನಗುತ್ತ ಕುಳಿತಿರುತ್ತಾರೆ. ಇಷ್ಟಾದ ಮೇಲೆ ಜನರು ಬೇರೆ ಹೇಗೆ ತಿಳಿಯಬೇಕು? ಹಾಡು ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಎರಡು ವಾರ ಪ್ರಥಮಸ್ಥಾನದಲ್ಲಿ ನಿಂತಿತು. 1981ರಲ್ಲಿ ಅಮೆರಿಕದಲ್ಲಿ 8ನೆಯ ಸ್ಥಾನವನ್ನು ಮುಟ್ಟಿತು.

ಆತ್ಮಕಥನದ ವಾದಕ್ಕೆ ವಿರುದ್ಧವಾಗಿ ನಿಲ್ಲುವ ಬಲವಾದ ಸಂಗತಿಯೊಂದುಂಟು. ಇದೇ ಮೇಳದವರು 1976ರಲ್ಲಿ ಮುದ್ರಿಸಿದ ‘ನೋಯಿಂಗ್ ಮಿ, ನೋಯಿಂಗ್ ಯು’ ಎಂಬ ಹಾಡಿನ ವಸ್ತುವೂ ದಾಂಪತ್ಯದ ಮುರಿವೇ. ಬರಿದಾದ ಮನೆಯ ಚಿತ್ರವನ್ನು ಅದರಲ್ಲಿ ಉಲ್ವೆಯಸ್ ಬರೆದಾಗ ಅವನ ಮನೆ ತುಂಬಿತ್ತು. ಅನುಭವವಿಲ್ಲದೆಯೂ ಅಂಥ ಗೀತವನ್ನು ಬರೆಯಬಲ್ಲವನೆಂದು ಆಗಲೇ ಸಿದ್ಧಪಟ್ಟಿರುವುದರಿಂದ, ಅನುಭವವಾದ ಮೇಲೆ ಬರೆದದ್ದೆಲ್ಲ ವರದಿಯೇ ಎಂದು ಊಹಿಸಲು ಆಧಾರ ಸಾಲದು. ಆನಂದವರ್ಧನನು ಕವಿಪ್ರೌಢೋಕ್ತಿಯಿಂದ ಕವಿನಿಬದ್ಧವಕ್ತೃಪ್ರೌಢೋಕ್ತಿಯನ್ನು ಬೇರ್ಪಡಿಸಿದ್ದು ಇಂಥ ಕಡೆಗಳಲ್ಲಿ ಉಪಕಾರಕ. ಗಂಡುಕವಿಗಳು ಹೆಣ್ಣಿನ ವಿರಹವನ್ನು ನುಡಿದ ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಈ ಭೇದವನ್ನು ವಿವರಿಸಬೇಕಾದುದೂ ಇಲ್ಲ.

ಆದರೂ ಇಷ್ಟಕ್ಕೇ ಪ್ರಶ್ನೆ ತೀರಿತೆನ್ನುವುದು ಆತುರ. ತನ್ನನ್ನು ಬಿಟ್ಟವನಿಗಾಗಿ ಹಂಬಲಿಸುವ ಹೆಣ್ಣಿನ ಮಾತನ್ನು ಗಂಡಸು ಕಲ್ಪಿಸಬಹುದು. ಕಲ್ಪಿಸಿದ ಮಾತನ್ನು ತಾನು ಅಗಲಿದ ಹೆಂಡತಿಯ ಬಾಯಿಂದಲೇ ನುಡಿಸುವುದು ಬೇರೆಯ ಮಾತು. ಆಕೆ ಹಾಡಿದೊಡನೆ, ಆಕೆಗಿತ್ತೋ ಇಲ್ಲವೋ ತಿಳಿಯದ ಹಂಬಲವೊಂದು ಲೋಕದ ಕಣ್ಣಿನಲ್ಲಿ ಆಕೆಯದಾಯಿತು. ಅವನು, ತಾನೇ ಗೆಲವಿಲ್ಲವೆಂದರೂ, ಗೆದ್ದವನಾದನು. ಕಲ್ಪಿತವೆಂಬ ಸಮಾಧಾನ ಕವಿಗೆ ಉಂಟು. ಗಾಯಕಿಗೆ ಅದು ಸುಲಭವಾಗಿ ದೊರೆಯತಕ್ಕದ್ದಲ್ಲ, ಏಕೆಂದರೆ ಕಂಠ ಅವಳದೇ. ಅಂಥ ಸ್ಥಿತಿಯಲ್ಲಿ ಆಕೆ ಅಳುವನ್ನು ಎಲ್ಲಿಯೂ ಚೆಲ್ಲದೆ, ಪ್ರತಿ ಚರಣವನ್ನೂ ಬೇರೆಯ ಬಿಗಿಯಿಂದ ಹಾಡಿರುವುದನ್ನು ಕೇಳಿದವರು, ಎರಡೇ ಸ್ವರಪಂಕ್ತಿಗಳು ಮರುಕಳಿಸುವ ಈ ರಚನೆಯನ್ನು ದೊಡ್ಡದು ಮಾಡಿದವಳು ಆಕೆಯೇ ಎಂದು ಒಪ್ಪಬೇಕಾಗುವುದು.

ಕಾಲಕ್ರಮದಲ್ಲಿ ಹಾಡು ಬೇರೆಯವರ ಪಾಲಾಯಿತು. ಇದರಲ್ಲಿರುವ ನಾಟಕೀಯತೆಯನ್ನು ಕಂಡೇ ಅಬ್ಬಾ ಹಾಡುಗಳಿಂದ ಒಂದು ನಾಟಕವನ್ನು ಕಟ್ಟಬಹುದೆಂದು ಜೂಡಿ ಕ್ರೇಮರ್ ಎಂಬ ನಿರ್ಮಾಪಕಿಗೆ ತೋರಿತಂತೆ. ಕ್ಯಾಥರೀನ್ ಜಾನ್ಸನ್ ಬರೆದ ಆ ‘ಮಮ್ಮಾ ಮಿಯಾ!’ ಗೀತನಾಟಕ ಲಂಡನ್ನಿನಲ್ಲಿ 1999ರ ಏಪ್ರಿಲ್ 6ರಂದು, ಬ್ರೈಟನ್ನಿನ ಗೆಲವಿಗೆ ಸರಿಯಾಗಿ 25 ವರ್ಷಗಳಿಗೆ, ರಂಗವನ್ನು ಏರಿತು. ಅದರಲ್ಲಿ ಡೋನ ಎಂಬ ಪ್ರೌಢೆ, ಹಿಂದೆ ತನ್ನನ್ನು ತೊರೆದ ಸ್ಯಾಮ್ ಎಂಬವನಿಗೆ ಈ ಹಾಡನ್ನು ಹಾಡುತ್ತಾಳೆ. 2008ರ ಚಲಚ್ಚಿತ್ರದಲ್ಲಿ ಆ ಪಾತ್ರ ಮೆರಿಲ್ ಸ್ಟ್ರೀಪಳದು. ನಾಟಕದ ಕೊನೆಗೆ ಅವರಿಬ್ಬರಿಗೂ ಮದುವೆಯಾಗಿಬಿಡುತ್ತದೆ. ಆಸೆ ಸತ್ತ ದುಃಖವು ಅಲ್ಲಿ ಸಮಾಗಮಕ್ಕೆ ಮುನ್ನಿನ ಮುನಿಸಾಗಿ ಇಳಿದಿದೆ. ರಂಗಕ್ಕೆ ಲಾಭವಾಯಿತು, ಗೀತಕ್ಕೆ ಆಯಿತೆನ್ನುವಂತಿಲ್ಲ. ಬ್ರಿಟನ್ನಿನ ಐಟಿವಿ ದೂರದರ್ಶನ ಸಂಸ್ಥೆ 2010ರಲ್ಲಿ ನಡೆಸಿದ ಮತಗಣನೆಯಲ್ಲಿ ಅಲ್ಲಿಯ ಜನರು ಅಬ್ಬಾ ಹಾಡುಗಳಲ್ಲಿ ಇದನ್ನೇ ಮೊದಲನೆಯದೆಂದು ಆರಿಸಿದರು.

ಲಂಡನ್ನಿನಲ್ಲಿ 2022ರ ಮೇ 27ರಂದು ಆರಂಭವಾದ ‘ಅಬ್ಬಾ ವಾಯೇಜ್’ ಎಂಬ ಪ್ರದರ್ಶನದಲ್ಲಿ ನಾಲ್ವರೂ ರಂಗದ ಮೇಲೆ ಇರಲಿಲ್ಲ. ಯಂತ್ರದಿಂದ ರಚಿಸಿದ ಅವರ ಯೌವನದ ಪ್ರತಿಬಿಂಬಗಳು ಹಾಡಿದವು; ಜೊತೆಗಿದ್ದ ವಾದ್ಯಗಾರರು ಮಾತ್ರ ನಿಜವಾದವರು. ಅಲ್ಲಿ ಕೊನೆಯದಾಗಿ ಇರಿಸಿಕೊಂಡದ್ದು ಈ ಹಾಡನ್ನೇ.