ಠಾಣೆಯಲ್ಲಿ 'ಹೌದು' ಎಂದವರು

ಉತ್ತರ ಕನ್ನಡದ ಹುಲೇಕಲ್ ಸೀಮೆಯಲ್ಲಿ ಮನೆಗಳು ತೋಟ, ಬೆಟ್ಟಗಳ ನಡುವೆ ಚದುರಿಕೊಂಡಿವೆ. ಬೌದ್ಧಿಕ ಅಸಾಮರ್ಥ್ಯವಿರುವ ಯುವಕನೊಬ್ಬ ಅಲ್ಲಿ ಕಲ್ಲೆಸೆದರೆ, ಯಾರ ಮೇಲಾದರೂ ಕೈಮಾಡಿದರೆ, 'ಮಳ್ಳ' ಎಂದು ಊರು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಊರನ್ನಷ್ಟೇ ದೂರಿ ಫಲವಿಲ್ಲ, ಕಾನೂನೂ ಮುಕ್ಕಾಲು ಶತಮಾನ ಅದನ್ನೇ ಮಾಡಿತು. 1912ರ ಭಾರತೀಯ ಹುಚ್ಚರ ಕಾಯ್ದೆ ಬುದ್ಧಿ ಬೆಳೆಯದವನನ್ನೂ ಮನಸ್ಸು ಕೆಟ್ಟವನನ್ನೂ ಒಂದೇ ವ್ಯಾಖ್ಯೆಯೊಳಗೆ ಕಟ್ಟಿಹಾಕಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಇಬ್ಬರನ್ನೂ ಬೇರೆಬೇರೆಯಾಗಿ ಬಿಡಿಸಿತು, 2017ರ ಕಾಯ್ದೆಯೂ ಹಾಗೇ ಉಳಿಸಿಕೊಂಡಿತು. ಬಿಡಿಸಿದ್ದು ಸರಿಯೇ. ಬಿಡಿಸಿದ ಮೇಲೆ ಬುದ್ಧಿ ಬೆಳೆಯದವನನ್ನು ಯಾರು ನೋಡಿಕೊಳ್ಳಬೇಕೆಂಬುದು ಮಾತ್ರ ಮನೆಯವರ ತಲೆಗೇ ಬಂತು. ಧಾರವಾಡದ ಮಾನಸಿಕ ಆಸ್ಪತ್ರೆ ಸುಮಾರು ನೂರು ಕಿಲೋಮೀಟರ್ ದೂರ, ಅಲ್ಲಿಗೆ ಒಯ್ದರೂ ಅವನಿಗೆ ಬೇಕಾದದ್ದು ಮಾತ್ರೆಗಿಂತ ಹೆಚ್ಚಾಗಿ ಕಲಿಕೆ. ಮನೋವಿಜ್ಞಾನಿಗಳಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ 1985ರಲ್ಲಿ ಬೆಳವಣಿಗೆಯ ಅಸಾಮರ್ಥ್ಯವಿದ್ದ ನಾಲ್ವರು ಮಕ್ಕಳಿಗೆ ಗಮನವನ್ನೋ ನೆರವನ್ನೋ ಬಾಯಿಬಿಟ್ಟು ಕೇಳುವುದನ್ನು ಕಲಿಸಿದಾಗ ಅವರ ಹೊಡೆತ, ರಂಪಾಟ ಇಳಿದವು. ಹೇಳಲಾಗದ್ದನ್ನು ಅವರು ಕೈಯಿಂದ ಹೇಳುತ್ತಿದ್ದರು.

ಪೆಟ್ಟು ತಿಂದವನಿಗೆ ಈ ವಿವರಣೆಯಿಂದ ಏನು ಬಂತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅಸಾಮರ್ಥ್ಯವೆಂಬ ಒಂದೇ ಕಾರಣಕ್ಕೆ ಯಾರೂ ಖುಲಾಸೆಯಾಗುವುದಿಲ್ಲ. ಕೃತ್ಯ ಎಂಥದು, ಅದು ತಪ್ಪೇ ಎಂದು ಆ ಹೊತ್ತಿನಲ್ಲಿ ತಿಳಿಯಲಾರದವನಿಗಷ್ಟೇ ಹಳೆಯ ದಂಡ ಸಂಹಿತೆಯ 84ನೇ ಕಲಮು ರಕ್ಷಣೆ ಕೊಡುತ್ತಿತ್ತು, ಈಗಿನ ನ್ಯಾಯ ಸಂಹಿತೆಯ 22ನೆಯದೂ ಅಷ್ಟೇ. ನನಗೆ ದಿಗಿಲು ಹುಟ್ಟಿಸುವುದು ಅದಕ್ಕೂ ಮುಂಚಿನ ಘಟ್ಟ, ಪೊಲೀಸ್ ಠಾಣೆಯ ವಿಚಾರಣೆಯ ಕೋಣೆ. ಬೌದ್ಧಿಕ ಅಸಾಮರ್ಥ್ಯವಿರುವವರು ಒಂದಕ್ಕೊಂದು ವಿರುದ್ಧವಾದ ಎರಡು ಪ್ರಶ್ನೆಗಳಿಗೂ 'ಹೌದು' ಎನ್ನುವುದುಂಟು ಎಂಬುದನ್ನು ಸಂಶೋಧಕಿ ಕ್ಯಾರಲ್ ಸೀಗಲ್‌ಮನ್ ಮತ್ತು ಸಂಗಡಿಗರು 1981ರಲ್ಲೇ ತೋರಿಸಿದ್ದರು. ಎದುರಿಗಿರುವವರನ್ನು ಮೆಚ್ಚಿಸಿದರೆ ಬೇಗ ಮನೆಗೆ ಹೋಗಬಹುದು ಎಂಬ ಆಸೆಯೂ ಅದರಲ್ಲಿ ಇರಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲವಲ್ಲ ಎಂದು ವಕೀಲರು ಹೇಳಬಹುದು. ಹೌದು, ಆದರೆ ಅವನ ಹೇಳಿಕೆಯಿಂದ ವಸ್ತು ಸಿಕ್ಕರೆ ಹೇಳಿಕೆಯ ಅಷ್ಟು ಭಾಗ ಸಾಕ್ಷ್ಯವೇ, ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡದ್ದೂ ಸಾಕ್ಷ್ಯವೇ. ದಂಡ ಪ್ರಕ್ರಿಯಾ ಸಂಹಿತೆಯ 2013ರ ತಿದ್ದುಪಡಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಅಂಗವಿಕಲರ ಹೇಳಿಕೆ ಪಡೆಯುವಾಗ ದುಭಾಷಿಯೋ ವಿಶೇಷ ಶಿಕ್ಷಕರೋ ಜೊತೆಗಿರಬೇಕೆಂದಿತು. ಅದೇ ಅಸಾಮರ್ಥ್ಯದ ಆರೋಪಿಗೆ ಆ ತಿದ್ದುಪಡಿಯಲ್ಲಿ ಜಾಗವಿರಲಿಲ್ಲ. ಅವನ ನೆನಪಾದದ್ದು ನ್ಯಾಯಾಲಯದ ಮೆಟ್ಟಿಲಲ್ಲಿ: ತನ್ನನ್ನು ಸಮರ್ಥಿಸಿಕೊಳ್ಳಲಾರನೆಂದು ಕಂಡುಬಂದರೆ ವಿಚಾರಣೆ ಮುಕ್ತಾಯಗೊಳಿಸಿ, ಆರೈಕೆ, ಶಿಕ್ಷಣ, ತರಬೇತಿ ಸಿಗುವ ವಸತಿಕೇಂದ್ರಕ್ಕೆ ಕಳಿಸಬಹುದೆಂದು ಅದೇ ಸಂಹಿತೆಯ 2008ರ ತಿದ್ದುಪಡಿ ಹೇಳಿತು. ಅಂಥ ಕೇಂದ್ರವನ್ನು ಯಾರು, ಎಷ್ಟು ದೂರದೊಳಗೆ ಕಟ್ಟಬೇಕೆಂದು ಅದು ಹೇಳಲಿಲ್ಲ.